ಶ್ರೀ ಜಯಚಾಮರಾಜೇಂದ್ರ ಒಡೆಯರವರೂ ನಾಲ್ಕು ದನಿಗಳ ಸಂಗೀತವೂ

ನಮ್ಮ ಸಭೆಗಳಲ್ಲಿ ಹಾಡಲ್ಪಡುವ ಕೀರ್ತನೆಗಳು ಎರಡು ವಿಧವಾಗಿವೆ. ಕೆಲವು ಈ ನಾಡಿನ ರಾಗತಾಳಗಳಲ್ಲಿ ರಚಿತವಾದವು. ಇವುಗಳನ್ನು ತಾಳ ಹಿಡಿದು ಎಲ್ಲರೂ ಒಂದೇ ದನಿಯಾಗಿ ಹಾಡುತ್ತೇವೆ. ಕೆಲವು ಯೂರೋಪು ಖಂಡದಿಂದ ಮಿಷನೆರಿಗಳ ಸಂಗಡ ಬಂದ ಧಾಟಿಗಳು. ಇವುಗಳನ್ನು ಧಾಟಿಯ ಪುಸ್ತಕದಲ್ಲಿ ನೋಡಿದರೆ ನಾಲ್ಕು ದನಿಗಳಿಗೆ ನಾಲ್ಕು ಬೇರೆ ಬೇರೆ ಸ್ವರಗಳನ್ನು ಬರೆದಿರುವದು ಕಾಣುತ್ತದೆ. ಎಲ್ಲಕ್ಕೂ ಮೇಲಿನ ದನಿಗೆ ಸೊಪ್ರಾನೊ ಎಂದೂ, ಅದರ ಕೆಳಗಿನದಕ್ಕೆ ಆಲ್ಟೊ ಎಂದೂ, ಮೂರನೆಯದಕ್ಕೆ ಟೆನರ್ ಎಂದೂ, ಅಡಿಯ ದನಿಗೆ ಬಾಸ್ ಎಂದೂ ಹೆಸರು. ಗ್ರಾಮದ ಸಭೆಗಳಲ್ಲಿ ಬಹುಮಟ್ಟಿಗೆ ಮೇಲಿನ ದನಿಯೊಂದೇ ಕೇಳಬರುತ್ತದೆ. ಉಳಿದ ಮೂರನ್ನು ಕಲಿಯಬೇಕೆಂದು ಹೇಳಿದರೆ, ಧಾಟಿ ಇರುವ ಸಾಲನ್ನು ಬಿಟ್ಟು ಧಾಟಿ ಇಲ್ಲದ ಸಾಲನ್ನು ನಾವೇಕೆ ಹಾಡಬೇಕೆಂದು ಕೇಳುವವರುಂಟು. ಈ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರವನ್ನು ಈ ತಿಂಗಳು ನಾವು ಬರೇ ಬೋಧನೆಯಾಗಿ ಹೇಳದೆ, ನಮ್ಮ ಸೀಮೆಯಲ್ಲಿ ಹೆಸರು ಕೇಳದವರಿಲ್ಲದ ಒಬ್ಬ ಮಹನೀಯರ ಚರಿತ್ರೆಯ ಮೂಲಕ ಹೇಳಲಿಚ್ಛಿಸುತ್ತೇವೆ.

ಇವರು ಮೈಸೂರು ಸಂಸ್ಥಾನದ ಕಡೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರವರು. ಇವರು ನಮ್ಮ ಮತದವರಲ್ಲ. ತಮ್ಮ ಮನೆತನದ ದೇವತಾಭಕ್ತಿಯಲ್ಲಿಯೇ ಹುಟ್ಟಿ ಬಾಳಿ ತೀರಿಕೊಂಡವರು. ಆದರೂ ಯಾವನಲ್ಲಿ ಶ್ರದ್ಧೆಯಿಂದ ಕಲಿತ ವಿದ್ಯೆ ಇರುವದೋ ಅವನಿಂದ ನಾವು ಕಲಿಯುವದಕ್ಕೆ ಅಡ್ಡಿಯೇನೂ ಇಲ್ಲ.

ಒಡೆಯರ ಮನೆತನಕ್ಕೂ ನಮ್ಮ ತಾಲ್ಲೂಕುಗಳಿಗೂ ಇರುವ ನಂಟು ಬಹಳ ಹಳೆಯದು. 1610ನೆಯ ಇಸವಿಯಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ರಾಜಧಾನಿಯಾಗಿ ಮಾಡಿಕೊಂಡರು. 1799ರಲ್ಲಿ ಆ ಕೋಟೆ ಬಿದ್ದ ಬಳಿಕ ರಾಜಧಾನಿಯು ಮೈಸೂರಿಗೆ ಹೋಯಿತು. ಕೃಷ್ಣರಾಜಪೇಟೆಯು ಆ ವಂಶದ ಹೆಸರನ್ನೇ ಹೊತ್ತಿದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ದೇವಸ್ಥಾನದಲ್ಲಿ ರಾಜ ಒಡೆಯರು ಕೊಟ್ಟ ಕಿರೀಟವು ರಾಜಮುಡಿ ಎಂದು ಪ್ರಸಿದ್ಧವಾಗಿದೆ. ಯೂರೋಪಿನ ಸ್ವರಯಂತ್ರವೂ ನಮ್ಮ ಸೀಮೆಗೆ ಹೊಸದಲ್ಲ. ಟಿಪ್ಪುಸುಲ್ತಾನನ ಅರಮನೆಯಲ್ಲಿದ್ದ ಮರದ ಹುಲಿಯ ಹೊಟ್ಟೆಯೊಳಗೆ ಕೊಳವೆಗಳೂ ಬೆರಳಿನಿಂದ ಒತ್ತುವ ಗುಂಡಿಗಳೂ ಉಳ್ಳ ಒಂದು ಚಿಕ್ಕ ಆರ್ಗನ್ ಉಂಟು. 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ಯಲ್ಪಟ್ಟ ಆ ಹುಲಿಯು ಲಂಡನ್ ನಗರದ ಒಂದು ವಸ್ತುಸಂಗ್ರಹಾಲಯದಲ್ಲಿ ಇದೆ. ಅದಾದ ಸುಮಾರು ನೂರೈವತ್ತು ವರ್ಷಗಳ ತರುವಾಯ ಇದೇ ಸಂಸ್ಥಾನದ ದೊರೆಯೊಬ್ಬರು ಅದೇ ಲಂಡನ್ ನಗರದ ಸಂಗೀತಕ್ಕೆ ಆಧಾರವಾಗಿ ನಿಂತರೆಂಬದು ಮುಂದೆ ತಿಳಿದುಬರುವದು.

ಜಯಚಾಮರಾಜೇಂದ್ರ ಒಡೆಯರವರು 1919ನೆಯ ಇಸವಿ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆಯವರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ತಾಯಿಯವರು ಕೆಂಪುಚೆಲುವಾಜಮ್ಮಣ್ಣಿಯವರು. ಆಗ ಸಿಂಹಾಸನದಲ್ಲಿದ್ದವರು ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿಸಿದ ಈ ಪ್ರಭುಗಳು ತಾವೇ ಅನೇಕ ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಅವರ ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರು ಇದ್ದ ಹಾಗೆಯೇ ಪಾಶ್ಚಾತ್ಯ ಸಂಗೀತದ ಬ್ಯಾಂಡೂ ಇತ್ತು. ಜರ್ಮನ್ ದೇಶದವರಾದ ಆಟ್ಟೊ ಷ್ಮಿಟ್ ಎಂಬವರು ಅದನ್ನು ನಡಿಸುತ್ತಿದ್ದರು. ಹೀಗೆ ಒಂದು ಕಡೆಯಲ್ಲಿ ವೀಣೆಯೂ ಮತ್ತೊಂದು ಕಡೆಯಲ್ಲಿ ಹಿತ್ತಾಳೆಯ ಕೊಂಬುಗಳೂ ಕೇಳಿಸುವ ಮನೆಯಲ್ಲಿ ಬಾಲಕರು ಬೆಳೆದರು. ಇವರು ಚಿಕ್ಕಂದಿನಲ್ಲಿಯೇ ಪಿಯಾನೋ ವಾದ್ಯವನ್ನು ಕಲಿಯತೊಡಗಿದರು. 1938ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವೀಧರರಾದರು.

ಪಿಯಾನೋ ಕಲಿಯುವವನು ಹಾರ್ಮನಿ ಎಂಬ ಶಾಸ್ತ್ರವನ್ನು ಕಲಿಯದೆ ಬಹುದೂರ ಹೋಗಲಾರನು. ಯಾಕಂದರೆ ವೀಣೆಯಲ್ಲಿ ಒಂದು ಸ್ವರದ ಬಳಿಕ ಒಂದು ಸ್ವರ ಬರುತ್ತದೆ. ಪಿಯಾನೋದಲ್ಲಿ ಎರಡು ಕೈಗಳಿಂದ ಅನೇಕ ಸ್ವರಗಳು ಒಂದೇ ಸಾರಿ ನುಡಿಯುತ್ತವೆ. ಕೀರ್ತನೆಯ ಧಾಟಿಯೊಂದನ್ನು ನುಡಿಸುವಾಗ ಬಲಗೈಯಲ್ಲಿ ಸೊಪ್ರಾನೊ ಮತ್ತು ಆಲ್ಟೊ, ಎಡಗೈಯಲ್ಲಿ ಟೆನರ್ ಮತ್ತು ಬಾಸ್ ಇರುತ್ತವೆ. ಯಾವ ಸ್ವರಗಳು ಕೂಡಿ ಇಂಪಾಗುತ್ತವೆ, ಒಂದು ಕೂಟದಿಂದ ಮತ್ತೊಂದು ಕೂಟಕ್ಕೆ ಹೇಗೆ ಹೋಗಬೇಕು ಎಂಬದನ್ನು ತಿಳಿಸುವದೇ ಹಾರ್ಮನಿ.

ಇದನ್ನು ವಾಚಕರು ನಮ್ಮ ಸ್ವರಗಳಿಂದಲೇ ತಿಳಿದುಕೊಳ್ಳಬಹುದು. ಪಾಶ್ಚಾತ್ಯರು ಮೇಜರ್ ಎಂದು ಕರೆಯುವ ಸ್ವರಶ್ರೇಣಿಯೂ ನಮ್ಮ ಶಂಕರಾಭರಣದ ಸ್ವರಶ್ರೇಣಿಯೂ ಸ್ವರಸ್ಥಾನಗಳಲ್ಲಿ ಒಂದೇ. ಅದರಲ್ಲಿ ಸ, ಗ, ಪ ಎಂಬ ಮೂರು ಸ್ವರಗಳನ್ನು ಕೂಡಿಸಿ ನುಡಿಸಿದರೆ ಒಂದು ಸ್ವರಕೂಟವಾಗುತ್ತದೆ. ಮ, ದ, ಸ ಎಂಬವು ಎರಡನೆಯದು. ಪ, ನಿ, ರಿ ಎಂಬವು ಮೂರನೆಯದು. ಏಳು ಸ್ವರಗಳೂ ಈ ಮೂರು ಕೂಟಗಳಲ್ಲಿ ಅಡಗಿವೆ. ನಾಗಮಂಗಲದ ಲೋಹದ ಕೆಲಸದವರನ್ನು ಕೇಳಿದರೆ, ತಾಮ್ರವೊಂದರಿಂದ ಒಳ್ಳೇ ಗಂಟೆಯಾಗದು, ಅದಕ್ಕೆ ತವರ ಬೆರೆತು ಕಂಚಾದ ಮೇಲೆಯೇ ನಾದ ಹುಟ್ಟುವದು ಎಂದು ಹೇಳುವರು. ಸ್ವರಕೂಟವೂ ಅಂಥದೇ. ಹಾಡುವ ದನಿಗಳು ನಾಲ್ಕು, ಕೂಟದ ಸ್ವರಗಳು ಮೂರು. ಆದ್ದರಿಂದ ಒಂದು ಸ್ವರವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಸಾಮಾನ್ಯವಾಗಿ ಕೂಟಕ್ಕೆ ಬುಡವಾದ ಸ್ವರವನ್ನೇ ಹೀಗೆ ಹಂಚುವದು ವಾಡಿಕೆ.

ನಾವೆಲ್ಲರೂ ಬಲ್ಲ ಒಂದು ದೃಷ್ಟಾಂತವನ್ನು ಕೊಡುತ್ತೇವೆ. ಕೀರ್ತನೆಯ ಕಡೆಯಲ್ಲಿ ಆಮೆನ್ ಎಂದು ಹಾಡುವದುಂಟಷ್ಟೆ. ಅದರಲ್ಲಿ ಎರಡೇ ಸ್ವರಕೂಟಗಳಿವೆ: ಮೊದಲನೆಯದು ಮ, ದ, ಸ, ಎರಡನೆಯದು ಸ, ಗ, ಪ. ವಾಡಿಕೆಯ ಕ್ರಮದಲ್ಲಿ ಸೊಪ್ರಾನೊ ಎರಡು ಅಕ್ಷರಗಳಿಗೂ ಸ ಎಂಬ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ. ಆಲ್ಟೊ ದ ಸ್ವರದಿಂದ ಪ ಸ್ವರಕ್ಕೆ ಇಳಿಯುತ್ತದೆ. ಟೆನರ್ ಮ ಸ್ವರದಿಂದ ಗ ಸ್ವರಕ್ಕೆ ಇಳಿಯುತ್ತದೆ. ಬಾಸ್ ಮ ಸ್ವರದಿಂದ ಸ ಸ್ವರಕ್ಕೆ ಹೋಗಿ ನೆಲೆಗೊಳ್ಳುತ್ತದೆ. ಮೇಲಿನ ದನಿಯೊಂದನ್ನೇ ಹಾಡಿದರೆ ಆಮೆನ್ ಎಂಬದು ಕದಲದ ಒಂದೇ ಸ್ವರ. ಅದನ್ನು ಕೇಳುವಾಗ ಮನಸ್ಸಿಗೆ ಬರುವ ಸಮಾಧಾನವು ಮೇಲಿನ ದನಿಯಿಂದ ಬಂದದ್ದಲ್ಲ. ಯಾರೂ ಗಮನಿಸದ ಒಳದನಿಗಳು ಮೆಲ್ಲಗೆ ಒಂದೊಂದು ಹೆಜ್ಜೆ ಇಳಿಯುವದರಿಂದಲೂ ಬಾಸ್ ತನ್ನ ನೆಲೆಯನ್ನು ಸೇರುವದರಿಂದಲೂ ಬಂದದ್ದು.

ಈ ವಿದ್ಯೆಯನ್ನು ಕಲಿಯುವವರಿಗೆ ಗುರುಗಳು ಒಂದು ದನಿಯ ಸ್ವರಗಳನ್ನು ಬರೆದುಕೊಟ್ಟು ಉಳಿದ ಮೂರನ್ನು ತುಂಬಿಸಿರೆಂದು ಹೇಳುವದು ಬಹುಕಾಲದ ಪದ್ಧತಿ. ಇದಕ್ಕೆ ನಿಯಮಗಳುಂಟು. ಪ್ರತಿಯೊಂದು ದನಿಯೂ ತನಗೆ ಸಮೀಪವಾದ ಸ್ವರಕ್ಕೆ ಹೋಗಬೇಕು. ಎರಡು ಕೂಟಗಳಿಗೂ ಸಾಮಾನ್ಯವಾದ ಸ್ವರವಿದ್ದರೆ ಅದನ್ನು ಹಿಡಿದ ದನಿಯು ಅಲ್ಲಿಯೇ ಇರುವದು ಲೇಸು. ಪ, ನಿ, ರಿ ಎಂಬ ಕೂಟದಲ್ಲಿರುವ ನಿ ಸ್ವರವು ಮೇಲಿನ ಸ ಸ್ವರಕ್ಕೆ ಹೋಗಲು ತವಕಪಡುತ್ತದೆ. ಅದನ್ನು ಇಬ್ಬರಿಗೆ ಕೊಡಬಾರದು. ಕೆಳಗಿನ ದನಿಯು ಮೇಲಿನ ದನಿಯನ್ನು ದಾಟಬಾರದು. ಎರಡು ದನಿಗಳು ಸ ಮತ್ತು ಪ ಎಂಬಲ್ಲಿಂದ ರಿ ಮತ್ತು ದ ಎಂಬಲ್ಲಿಗೆ ಒಂದೇ ಅಂತರವನ್ನಿಟ್ಟುಕೊಂಡು ಜೊತೆಯಾಗಿ ಸಾಗಬಾರದು. ಹಾಗೆ ಸಾಗಿದರೆ ಎರಡೂ ಸೇರಿ ಒಂದೇ ದನಿಯೆಂಬಂತೆ ಕಿವಿಗೆ ತೋರುತ್ತದೆ. ಎರಡನೆಯವನು ಹಾಡಿಯೂ ಹಾಡದವನಂತಾಗುತ್ತಾನೆ. ಈ ನಿಯಮಗಳನ್ನು ಕಲಿಯುವವರಿಗೆ ಇಂದಿಗೂ ಮಾದರಿಯಾಗಿರುವವರು ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ಎಂಬವರು. ಇವರು ಲುಥೆರನ್ ಸಭೆಗಳ ಧಾಟಿಗಳನ್ನು ನಾಲ್ಕು ದನಿಗಳಿಗೆ ಅಳವಡಿಸಿದರು. ಅವರು ತೀರಿಕೊಂಡ ತರುವಾಯ 1784ರಿಂದ 1787ರ ವರೆಗೆ ಅಚ್ಚಾದ ಸಂಗ್ರಹದಲ್ಲಿ ಅಂಥವು 371 ಇವೆ. ಹೀಗೆ ಸಭೆಯವರು ಹಾಡಲೆಂದು ಹುಟ್ಟಿದ ಧಾಟಿಗಳೇ ಪಾಶ್ಚಾತ್ಯ ಸಂಗೀತಕ್ಕೆಲ್ಲ ಪಾಠವಾದವು.

ಈಗ ಚರಿತ್ರೆಗೆ ಬರೋಣ. ಪಿಯಾನೋ ವಾದಕರಾಗಿ ಸಭೆಗಳ ಮುಂದೆ ನುಡಿಸಬೇಕೆಂಬ ಆಶೆಯು ತರುಣ ರಾಜಕುಮಾರರಿಗೆ ಇತ್ತು. 1939ರಲ್ಲಿ ಇವರು ಯೂರೋಪಿನಲ್ಲಿ ಸಂಚರಿಸಿದರು. ಆದರೆ 1940ರ ಮಾರ್ಚಿ 11ರಂದು ತಂದೆಯವರು ಬೊಂಬಾಯಿಯಲ್ಲಿ ತೀರಿಕೊಂಡರು. ಐದು ತಿಂಗಳು ತುಂಬುವದರೊಳಗೆ, ಆಗಸ್ಟ್ 3ರಂದು, ಮಕ್ಕಳಿಲ್ಲದ ದೊಡ್ಡಪ್ಪನವರೂ ತೀರಿಕೊಂಡರು. ಸೆಪ್ಟೆಂಬರ್ 8ರಂದು ಇವರು ಸಿಂಹಾಸನವನ್ನೇರಿದರು. ಆಗ ಇವರ ವಯಸ್ಸು 21. ಅರಸನಾದವನು ಊರೂರಿಗೆ ಹೋಗಿ ವಾದ್ಯ ನುಡಿಸುವ ಕಲಾವಿದನಾಗಿ ಬಾಳಲಾರನು. ಆ ಬಾಗಿಲು ಅಂದಿಗೆ ಮುಚ್ಚಿಹೋಯಿತು.

ಇಂಥ ಸಮಯದಲ್ಲಿ ಅನೇಕರು ಕಲಿತದ್ದನ್ನು ಬಿಟ್ಟುಬಿಡುತ್ತಾರೆ. ಮೇಲಿನ ಸ್ಥಾನ ದೊರೆಯದ ಮೇಲೆ ವಿದ್ಯೆಯಿಂದೇನು ಎಂಬದು ಮನುಷ್ಯಸಹಜವಾದ ಯೋಚನೆ. ಈ ಅರಸರು ಬಿಡಲಿಲ್ಲ. ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಸಂಸ್ಥಾನದ ಭಾರವನ್ನು ಹೊತ್ತುಕೊಂಡೇ ಅಭ್ಯಾಸವನ್ನು ಮುಂದುವರಿಸಿ, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು. ಅದೇ ವರ್ಷದಲ್ಲಿ ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು ಇವರನ್ನು ಗೌರವ ಫೆಲೋ ಆಗಿ ಮಾಡಿತು. ಇಂಥ ಪದವಿಯನ್ನು ಬಯಸುವವನಿಗೆ ಬೆರಳಿನ ಚುರುಕು ಸಾಲದು. ಸಂಗೀತದ ಶಾಸ್ತ್ರವನ್ನೂ ಬಲ್ಲವನಾಗಿರಬೇಕು.

ಹೀಗೆ ಕಲಿತ ವಿದ್ಯೆಯು ಇವರಿಗೆ ಕೊಟ್ಟದ್ದು ಒಳ್ಳೆಯ ಕಿವಿ. ಆ ಕಾಲದಲ್ಲಿ ನಿಕೊಲಾಯ್ ಮೆಟ್ನರ್ ಎಂಬ ಒಬ್ಬ ವೃದ್ಧ ಸಂಗೀತಗಾರರು ಲಂಡನ್ನಿನಲ್ಲಿ ವಾಸವಾಗಿದ್ದರು. ಇವರು 1880ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿ, 1921ರಲ್ಲಿ ಸ್ವದೇಶವನ್ನು ಬಿಟ್ಟು ಬಂದವರು. ಹಾರ್ಮನಿಯ ಹಳೆಯ ನಿಯಮಗಳನ್ನು ಹೊಸಬರು ತಳ್ಳಿಹಾಕುತ್ತಿದ್ದ ಕಾಲದಲ್ಲಿ ಇವರು ಅವುಗಳನ್ನು ಬಿಡದೆ ರಚಿಸುತ್ತಿದ್ದುದರಿಂದ, ಕೇಳುವವರು ಕಡಿಮೆಯಾಗಿ, ಬಡತನದಲ್ಲಿಯೂ ರೋಗದಲ್ಲಿಯೂ ಇದ್ದರು. ಇವರನ್ನು ಕಣ್ಣಾರೆ ಕಾಣದೆ ಇವರ ರಚನೆಗಳ ಬೆಲೆಯನ್ನು ಅರಿತವರು ಮೈಸೂರಿನ ಮಹಾರಾಜರು. ಇವರ ಧನಸಹಾಯದಿಂದ ಮೆಟ್ನರ್ ಸಂಘವು ಸ್ಥಾಪಿತವಾಯಿತು. ನಾಯಿಯ ಗುರುತಿನ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯು ಆ ವೃದ್ಧರು ತಾವೇ ನುಡಿಸಿದ ರಚನೆಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿತು. ಅವುಗಳಲ್ಲಿ ಪಿಯಾನೋ ಮತ್ತು ವಾದ್ಯವೃಂದಕ್ಕಾಗಿ ಬರೆದ ಮೂರು ದೊಡ್ಡ ಕೃತಿಗಳೂ ಸೇರಿದ್ದವು. ಮೂರನೆಯದನ್ನು ಅವರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರರು ತೀರಿಕೊಂಡರು. ಆ ಮುದ್ರಣ ಆಗದೆ ಇದ್ದಿದ್ದರೆ ಅವರ ಕೈಯ ನಾದವು ಅವರ ಸಂಗಡಲೇ ಮಣ್ಣಿಗೆ ಹೋಗುತ್ತಿತ್ತು.

ಇದೇ ರೀತಿಯಾಗಿ, 1945ರಲ್ಲಿ ವಾಲ್ಟರ್ ಲೆಗ್ ಎಂಬವರು ಲಂಡನ್ನಿನಲ್ಲಿ ಸ್ಥಾಪಿಸಿದ ಫಿಲ್ಹಾರ್ಮೋನಿಯಾ ಎಂಬ ವಾದ್ಯವೃಂದವು ಹಣದ ಅಭಾವದಿಂದ ಕಷ್ಟಪಡುತ್ತಿರಲಾಗಿ, ಮಹಾರಾಜರು ಅದಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಒಪ್ಪಿದರು. 1948ರಲ್ಲಿ ಆ ವೃಂದದ ಕಛೇರಿಗಳನ್ನು ನಡಿಸುವ ಸಂಘಕ್ಕೆ ಇವರೇ ಮೊದಲನೆಯ ಅಧ್ಯಕ್ಷರಾದರು. ಜರ್ಮನಿಯ ಪ್ರಸಿದ್ಧ ರಚನಕಾರರಾದ ರಿಚರ್ಡ್ ಸ್ಟ್ರಾಸ್ ಎಂಬವರು 1949ರ ಸೆಪ್ಟೆಂಬರ್ 8ರಂದು ತೀರಿಕೊಂಡಾಗ ಅವರು ಕಡೆಯದಾಗಿ ಬರೆದ ನಾಲ್ಕು ಹಾಡುಗಳು ಎಲ್ಲಿಯೂ ಹಾಡಲ್ಪಟ್ಟಿರಲಿಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಎಂಬ ಮಂದಿರದಲ್ಲಿ ನಾರ್ವೆ ದೇಶದ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಎಂಬಾಕೆಯು ಅವುಗಳನ್ನು ಮೊದಲ ಸಾರಿ ಹಾಡಿದಳು. ಆ ಕಛೇರಿಗೆ 4,800 ಡಾಲರುಗಳ ಜಾಮೀನನ್ನು ಕೊಟ್ಟವರು ಮೈಸೂರಿನ ಮಹಾರಾಜರು. ಆದರೆ ಅವರು ಅಲ್ಲಿ ಇರಲಿಲ್ಲ. ತಮ್ಮ ಹಣದಿಂದ ನಡೆದ ಹಾಡನ್ನು ಅವರು ಮೈಸೂರಿಗೆ ಕಳುಹಿಸಲ್ಪಟ್ಟ ಮುದ್ರಿಕೆಯಿಂದ ಕೇಳಬೇಕಾಯಿತು. ಮೇಲಿನ ದನಿಗೆ ಚಪ್ಪಾಳೆ ಬಿತ್ತು; ಒಳದನಿಯು ಸಮುದ್ರದಾಚೆ ಸುಮ್ಮನೆ ಇತ್ತು.

ಅಷ್ಟು ಹಣವನ್ನು ನಮ್ಮ ಬಡ ನಾಡಿನಲ್ಲಿಯೇ ವೆಚ್ಚಮಾಡಬಹುದಾಗಿತ್ತಲ್ಲವೇ ಎಂದು ಯಾರಾದರೂ ಕೇಳಿದರೆ ಆ ಮಾತನ್ನು ನಾವು ತಳ್ಳಿಹಾಕುವದಿಲ್ಲ. ಅರಸರ ಚರಿತ್ರೆಯನ್ನು ಹೊಗಳಿಕೆಯಾಗಿ ಮಾತ್ರ ಬರೆಯುವದು ನ್ಯಾಯವಲ್ಲ. ಈಗಿನ ಮಂಡ್ಯ ಜಿಲ್ಲೆಯ ಶಿವಪುರದಲ್ಲಿ 1938ರಲ್ಲಿಯೇ ಜನರು ಧ್ವಜ ಸತ್ಯಾಗ್ರಹವನ್ನು ನಡಿಸಿದ್ದರು. 1947ರಲ್ಲಿ ಮೈಸೂರು ಚಲೋ ಚಳವಳಿಯು ನಡೆದ ತರುವಾಯವೇ, ಆ ವರ್ಷದ ಅಕ್ಟೋಬರಿನಲ್ಲಿ, ಶ್ರೀ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರಕಾರವು ಏರ್ಪಟ್ಟಿತು. ಆದರೂ ಒಂದು ಸಾರಿ ಒಪ್ಪಿದ ಮೇಲೆ ಮಹಾರಾಜರು ತಮ್ಮ ದನಿಯನ್ನು ತಗ್ಗಿಸಲು ಹಿಂದೆಗೆಯಲಿಲ್ಲ. 1950ರ ಜನವರಿ 26ರಿಂದ ರಾಜಪ್ರಮುಖರಾಗಿಯೂ, 1956ರ ನವೆಂಬರ್ 1ರಿಂದ 1964ರ ವರೆಗೆ ವಿಶಾಲ ಮೈಸೂರಿನ ರಾಜ್ಯಪಾಲರಾಗಿಯೂ, ಬಳಿಕ 1966ರ ವರೆಗೆ ಮದರಾಸಿನ ರಾಜ್ಯಪಾಲರಾಗಿಯೂ ಕೆಲಸಮಾಡಿದರು. ಆಜ್ಞೆ ಕೊಡುವ ಸ್ಥಾನದಲ್ಲಿ ಹುಟ್ಟಿದವರು, ಮಂತ್ರಿಗಳ ಸಲಹೆಯಂತೆ ರುಜುಮಾಡುವ ಸ್ಥಾನವನ್ನು ವಹಿಸಿದರು.

ಪಾಶ್ಚಾತ್ಯ ಸಂಗೀತವನ್ನು ಇಷ್ಟು ಬಲ್ಲವರು ನಮ್ಮ ನಾಡಿನ ಸಂಗೀತವನ್ನು ಕೀಳಾಗಿ ಕಂಡರೋ? ಇಲ್ಲ. ಪಟ್ಟಕ್ಕೆ ಬಂದ ಬಳಿಕ ಇವರು ಮೈಸೂರು ವಾಸುದೇವಾಚಾರ್ಯರ ಬಳಿಯಲ್ಲಿ ಕರ್ನಾಟಕ ಸಂಗೀತವನ್ನು ಕ್ರಮವಾಗಿ ಕಲಿತರು. ವೀಣೆ ವೆಂಕಟಗಿರಿಯಪ್ಪನವರೂ ಇವರ ಗುರುಗಳಾಗಿದ್ದರು. ಸಂಸ್ಕೃತ ಭಾಷೆಯಲ್ಲಿ, ಶ್ರೀವಿದ್ಯಾ ಎಂಬ ಅಂಕಿತದಿಂದ, 94 ಕೃತಿಗಳನ್ನು ರಚಿಸಿದರು. ಇವುಗಳಲ್ಲಿ ಅಪರೂಪವಾದ ರಾಗಗಳೂ ಉಂಟು. ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ನಾಲ್ಕು ದನಿಗಳ ಶಾಸ್ತ್ರವು ತಿಳಿದಿದ್ದರೂ ಇವರು ಈ ಕೃತಿಗಳ ಕೆಳಗೆ ಸ್ವರಕೂಟಗಳನ್ನು ಕಟ್ಟಲಿಲ್ಲ. ರಾಗದ ಸ್ವರವು ಒಂದು ಕಡೆಯಲ್ಲಿ ನಿಂತಿರುವದಿಲ್ಲ. ಗಮಕದಿಂದ ಅಲುಗಾಡುತ್ತಾ ಜಾರುತ್ತಾ ಇರುತ್ತದೆ. ಅದರ ಕೆಳಗೆ ಕದಲದ ಕೂಟವನ್ನಿಟ್ಟರೆ ರಾಗವು ತನ್ನ ರೂಪವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಪಿಯಾನೋಕ್ಕೆ ಹಾರ್ಮನಿಯ ಧರ್ಮ, ಕೃತಿಗೆ ರಾಗದ ಧರ್ಮ ಎಂದು ಎರಡನ್ನೂ ಅವುಗಳ ಸ್ಥಾನದಲ್ಲಿಟ್ಟು ಗೌರವಿಸಿದರು.

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಮರು ವರ್ಷ, 1974ರ ಸೆಪ್ಟೆಂಬರ್ 23ರಂದು, ಜಯಚಾಮರಾಜೇಂದ್ರ ಒಡೆಯರವರು ಬೆಂಗಳೂರಿನಲ್ಲಿ ಕಾಲವಾದರು. ಆಗ ಅವರಿಗೆ 55 ವರ್ಷ. ಅವರ ತಂಗಿಯವರಾದ ವಿಜಯಾದೇವಿಯವರೂ ಪಿಯಾನೋ ವಿದ್ಯೆಯನ್ನು ಬಲ್ಲವರು. ಅದೇ ವರ್ಷದಲ್ಲಿ ಆಕೆಯು ಬೆಂಗಳೂರಿನಲ್ಲಿ ಎರಡು ಬಗೆಯ ಸಂಗೀತಕ್ಕೂ ಎಡೆಕೊಡುವ ಒಂದು ಸಂಘವನ್ನು ಸ್ಥಾಪಿಸಿದರು.

ಪ್ರಿಯ ವಾಚಕರೇ, ಈ ಚರಿತ್ರೆಯಿಂದ ನಮ್ಮ ಸಭೆಗಳು ಕಲಿಯತಕ್ಕದ್ದು ಎರಡು ಉಂಟು. ಮೊದಲನೆಯದು, ಯಾವ ಹಾಡಿಗೆ ಯಾವ ಧರ್ಮವೋ ಅದರಂತೆ ಹಾಡುವದು. ರಾಗದ ಕೀರ್ತನೆಯನ್ನು ಹಾಡುವಾಗ ಹಾರ್ಮೋನಿಯಮ್ಮಿನಲ್ಲಿ ತೋಚಿದ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿ ರಾಗವನ್ನು ಕೆಡಿಸಬಾರದು. ಶ್ರುತಿಯೂ ತಾಳವೂ ಸರಿಯಾಗಿದ್ದರೆ ಸಾಕು. ನಾಲ್ಕು ದನಿಗಳ ಧಾಟಿಯನ್ನು ಹಾಡುವಾಗಲಾದರೋ ನಾಲ್ಕನ್ನೂ ಕಲಿಯಲು ಪ್ರಯತ್ನಿಸಬೇಕು. ಎರಡನೆಯದು, ಒಳದನಿಯನ್ನು ಹಾಡುವವನು ತನ್ನನ್ನು ಕಡಿಮೆಯವನೆಂದು ಎಣಿಸಬಾರದು. ಆಲ್ಟೊ ಹಾಡುವ ಸಹೋದರಿಗೆ ಮನೆಗೆ ಹೋಗುವಾಗ ಗುನುಗಲು ಧಾಟಿ ಇರುವದಿಲ್ಲ. ಟೆನರ್ ಹಾಡುವ ಸಹೋದರನನ್ನು ಹೊಗಳುವವರಿಲ್ಲ. ಆದರೆ ಅವರಿಬ್ಬರೂ ಬಾಯಿ ಮುಚ್ಚಿದರೆ ಕೂಟವು ಮುರಿದುಹೋಗುತ್ತದೆ. ಸಭೆಯು ಒಂದು ದೇಹವೆಂದೂ, ಕಾಣದ ಅಂಗಗಳೂ ಅದಕ್ಕೆ ಅವಶ್ಯವೆಂದೂ ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದದ್ದನ್ನು ನಾವು ಬಲ್ಲೆವು. ಹಾಡಿನಲ್ಲಿ ಅದು ಕಿವಿಗೇ ಕೇಳಿಸುತ್ತದೆ.

ಎಲ್ಲವನ್ನೂ ಒಂದೇ ದಿನ ಕಲಿಯಬೇಕಾಗಿಲ್ಲ. ಆಮೆನ್ ಎಂಬ ಎರಡು ಅಕ್ಷರಗಳಿಂದ ಆರಂಭಿಸಿರಿ. ಹೆಂಗಸರಲ್ಲಿ ಕೆಲವರು ಸ ಸ್ವರವನ್ನು ಹಿಡಿದು ನಿಲ್ಲಲಿ, ಕೆಲವರು ದ ಸ್ವರದಿಂದ ಪ ಸ್ವರಕ್ಕೆ ಇಳಿಯಲಿ. ಗಂಡಸರಲ್ಲಿ ಕೆಲವರು ಮ ಸ್ವರದಿಂದ ಗ ಸ್ವರಕ್ಕೆ ಇಳಿಯಲಿ, ದಪ್ಪ ದನಿಯವರು ಮ ಸ್ವರದಿಂದ ಕೆಳಗಿನ ಸ ಸ್ವರಕ್ಕೆ ಹೋಗಲಿ. ಒಬ್ಬೊಬ್ಬರೂ ತಮ್ಮ ಸ್ವರವನ್ನು ಬಿಡದೆ, ಪಕ್ಕದವರ ಸ್ವರವನ್ನು ಕೇಳುತ್ತಾ ಹಾಡಲಿ. ಒಂದು ತಿಂಗಳ ಆದಿತ್ಯವಾರಗಳಲ್ಲಿ ಇದು ಕೈಗೂಡುವದು. ಅಷ್ಟಾದ ಮೇಲೆ ಒಂದು ಚಿಕ್ಕ ಕೀರ್ತನೆಗೆ ಕೈಹಾಕಬಹುದು.